ಗೊಮ್ಮಟೇಶ್ವರ ಪ್ರತಿಷ್ಠಾಕಾಲ: ನಿರ್ಣಯ ವಿಧಾನದ ವಿಮರ್ಶೆ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಮಾಡಿಸಿದ ಗೊಮ್ಮಟೇಶ್ವರ ಬಿಂಬದ ಪ್ರತಿಷ್ಠೆಯು ಯಾವ ದಿನ ನಡೆಯಿತೆಂಬುದು ನೂರು ವರ್ಷಗಳಿಗೂ ಮೀರಿ ವಿದ್ವಾಂಸರ ಚರ್ಚೆಗೆ ವಿಷಯವಾಗಿದೆ. ಬಿಂಬದ ಪಾದದ ಬಳಿಯಲ್ಲಿರುವ ಕನ್ನಡ, ತಮಿಳು, ಮರಾಠಿ ಬರಹಗಳು ಮಾಡಿಸಿದವನ ಹೆಸರನ್ನು ಹೇಳುತ್ತವೆಯೇ ಹೊರತು ಕಾಲವನ್ನು ಹೇಳುವುದಿಲ್ಲ. ಸುಮಾರು ೧೧೮೦ರ ಬೊಪ್ಪಣ ಪಂಡಿತನ ಶಾಸನಕಾವ್ಯವು ಗೊಮ್ಮಟಸ್ತುತಿಯಲ್ಲಿ ಅದ್ವಿತೀಯವಾದರೂ ಪ್ರತಿಷ್ಠೆಯ ತಿಥಿಯ ವಿಷಯದಲ್ಲಿ ಮೌನವಾಗಿದೆ. ರೈಸ್ ಅವರು ೧೮೮೯ರಲ್ಲಿ ಬೆಳಗೊಳದ ೧೪೪ ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ ೧೯೨೩ರ ಪರಿಷ್ಕೃತ ಸಂಪುಟದಲ್ಲಿ ಅವು ೫೦೦ಕ್ಕೆ ಏರಿದವು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ೧೯೭೩ರ ಆವೃತ್ತಿಯಲ್ಲಿ ೫೭೩ ಆದವು. ಇಷ್ಟಾದರೂ ಪ್ರತಿಷ್ಠಾದಿನವನ್ನು ನಮೂದಿಸುವ ಸಮಕಾಲೀನ ಶಾಸನವೊಂದೂ ದೊರೆಯಲಿಲ್ಲ.

ಆದಕಾರಣ ಚರ್ಚೆಯ ಭಾರವೆಲ್ಲವೂ ಬಿದ್ದಿರುವುದು ‘ಬಾಹುಬಲಿಚರಿತೆ’ಯದೆಂದು ಉದ್ಧೃತವಾಗುವ, ಪ್ರತಿಷ್ಠೆಗಿಂತ ಬಹುಕಾಲ ಈಚಿನ ಒಂದು ಸಂಸ್ಕೃತ ಪದ್ಯದ ಮೇಲೆ. ಆ ಪದ್ಯವು ಕಲ್ಕ್ಯಬ್ದ ಆರುನೂರು, ‘ವಿಭವ’, ಚೈತ್ರಮಾಸ, ಶುಕ್ಲ ಪಂಚಮಿ, ಭಾನುವಾರ, ಕುಂಭ ಲಗ್ನ, ಸೌಭಾಗ್ಯ ಯೋಗ, ‘ಮಸ್ತ’ವೆಂಬ ಹೆಸರಿನ ನಕ್ಷತ್ರ ಎಂದು ಎಂಟು ಅಂಗಗಳನ್ನು ಕೊಡುತ್ತದೆ. ಈ ಎಂಟು ಅಂಗಗಳಲ್ಲಿ ಒಂದೊಂದೂ ಒಂದೊಂದು ಶಾಸ್ತ್ರಕ್ಕೆ ಸೇರಿದ್ದು. ಕಲ್ಕ್ಯಬ್ದವು ಆಗಮ ಪರಂಪರೆಯ ಕಾಲಗಣನೆಯನ್ನು ಬಲ್ಲವರ ವಿಷಯ. ‘ವಿಭವ’ ‘ಮಸ್ತ’ ಪದಗಳು ವೈಯಾಕರಣನಿಗೂ ಹಸ್ತಪ್ರತಿ ಪರಿಶೋಧಕನಿಗೂ ಸೇರಿದವು. ತಿಥಿ ವಾರ ಯೋಗಗಳು ಗಣಿತಜ್ಞನವು. ಲಗ್ನದ ಮಾತು ಪ್ರತಿಷ್ಠಾವಿಧಿಯನ್ನು ತಿಳಿದವನಿಲ್ಲದೆ ಬಗೆಹರಿಯದು. ಇವೆಲ್ಲಕ್ಕೂ ಮೇರೆಯನ್ನು ಹಾಕಬೇಕಾದವನು ಶಾಸನ ಮತ್ತು ಸಾಹಿತ್ಯಚರಿತ್ರೆಯ ವಿದ್ವಾಂಸ. ಇದುವರೆಗಿನ ನಿರ್ಣಯಗಳಲ್ಲಿ ಕಂಡುಬರುವ ದೋಷಕ್ಕೆ ವಿದ್ವತ್ತಿನ ಕೊರತೆ ಕಾರಣವಲ್ಲ. ಒಬ್ಬೊಬ್ಬರೂ ತಮ್ಮ ಶಾಸ್ತ್ರದ ಅಂಗವನ್ನು ಭದ್ರವಾಗಿ ಹಿಡಿದು, ಉಳಿದವರ ಅಂಗಗಳನ್ನು ತಾವೇ ಬಗ್ಗಿಸಿಕೊಂಡರೆಂಬುದೇ ಕಾರಣ.

ಮುಖ್ಯವಾದ ಅಭಿಪ್ರಾಯಗಳು ನಾಲ್ಕು. ೧೯೧೭ರಲ್ಲಿ ‘ದ್ರವ್ಯಸಂಗ್ರಹ’ವನ್ನು ಸಂಪಾದಿಸಿದ ಶರಚ್ಚಂದ್ರ ಘೋಷಾಲರ ಹೆಸರಿನಲ್ಲಿ ಉದ್ಧೃತವಾಗುತ್ತ ಬಂದಿರುವ ದಿನ ಕ್ರಿ.ಶ. ೯೮೦ ಏಪ್ರಿಲ್ ೨. ಡಾ. ಆರ್. ಶಾಮಶಾಸ್ತ್ರಿಗಳದು ೧೦೨೮ ಮಾರ್ಚ್ ೩. ನರಸಿಂಹಾಚಾರ್ಯರು ದಿನದ ಗೋಜಿಗೆ ಹೋಗದೆ ಸುಮಾರು ೯೮೩ ಎಂದು ನಿಲ್ಲಿಸಿದರು. ಮಂಜೇಶ್ವರ ಗೋವಿಂದ ಪೈಗಳೂ ಆರಾದ ಜ್ಯೋತಿಷಾಚಾರ್ಯ ಪಂಡಿತ ನೇಮಿಚಂದ್ರ ಶಾಸ್ತ್ರಿಗಳೂ ೯೮೧ ಮಾರ್ಚ್ ೧೩ನ್ನು ಹಿಡಿದರು. ೧೯೮೧ರ ಫೆಬ್ರವರಿ ೨೨ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದ ತರುವಾಯ ಕೊನೆಯ ಪಕ್ಷವೇ ಸಿದ್ಧಾಂತವೆಂಬಂತೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಉತ್ಸವವು ಶ್ರದ್ಧೆಯ ವಿಷಯ. ಅದು ಪ್ರಮಾಣಕ್ಕೆ ಪ್ರತಿನಿಧಿಯಾಗಲಾರದು. ಆ ಪಕ್ಷವು ದುರ್ಬಲವೆಂದು ಇಲ್ಲಿ ಹೇಳುತ್ತಿಲ್ಲ. ಅದರ ಬಲವು ಯಾವ ಅಂಗಗಳಲ್ಲಿದೆಯೆಂಬುದನ್ನು ಬಿಡಿಸಿ ನೋಡದೆ ಅಂಗೀಕರಿಸಲಾಗಿದೆಯೆಂಬುದೇ ಆಕ್ಷೇಪ.

ಮೊದಲು ಮೇರೆಗಳನ್ನು ನೋಡಬೇಕು. ಚಾವುಂಡರಾಯಪುರಾಣವು ಶಕ ೯೦೦ ಈಶ್ವರ ಸಂವತ್ಸರದ ಫಾಲ್ಗುಣ ಶುದ್ಧ ಅಷ್ಟಮಿ ಸೋಮವಾರ ಮುಗಿಯಿತು. ಇದು ೯೭೮ ಫೆಬ್ರವರಿ ೧೮; ಅಂದು ಸೋಮವಾರವೇ, ಸೂರ್ಯೋದಯಕ್ಕೆ ಅಷ್ಟಮಿಯೇ, ದಾಕ್ಷಿಣಾತ್ಯ ಗಣನೆಯಲ್ಲಿ ಸಂವತ್ಸರವೂ ಈಶ್ವರವೇ. ತನ್ನ ಬಿರುದುಗಳನ್ನೂ ಗುಣಗಳನ್ನೂ ವಿಸ್ತಾರವಾಗಿ ಹೇಳಿಕೊಂಡ ಚಾವುಂಡರಾಯನು ಆ ಗ್ರಂಥದಲ್ಲಿ ಬಿಂಬದ ಮಾತನ್ನೆತ್ತುವುದಿಲ್ಲ. ಇನ್ನು ಶಕ ೯೧೫ ವಿಜಯ ಸಂವತ್ಸರದಲ್ಲಿ, ಎಂದರೆ ೯೯೩ರಲ್ಲಿ, ರನ್ನನು ಬರೆದ ಅಜಿತಪುರಾಣದಲ್ಲಿ ಅತ್ತಿಮಬ್ಬೆಯು ಬೆಟ್ಟವನ್ನೇರಿ ಕುಕ್ಕುಟೇಶ್ವರ ಜಿನನ ದರ್ಶನ ಮಾಡಿದ ಪ್ರಸಂಗವಿದೆ. ಅಂದಮೇಲೆ ೯೯೩ಕ್ಕೆ ಮುನ್ನ ಬಿಂಬವು ನಿಂತಿತ್ತು. ಕೆಳಮೇರೆಯು ಮೌನದಿಂದ ಊಹಿಸಿದುದಾದ್ದರಿಂದ ಅಷ್ಟು ಗಟ್ಟಿಯಲ್ಲ. ಮೇಲ್ಮೇರೆಯು ಸಮಕಾಲೀನ ಕವಿಯ ಸಾಕ್ಷ್ಯ. ನರಸಿಂಹಾಚಾರ್ಯರು ರಾಚಮಲ್ಲನ ಆಳ್ವಿಕೆ ೯೮೪ಕ್ಕೆ ಕೊನೆಗೊಂಡುದನ್ನು ಸೇರಿಸಿ ಅವಧಿಯನ್ನು ಇನ್ನೂ ಕಿರಿದುಗೊಳಿಸಿದರು. ಆ ಕಾಲದ ವಿದ್ವಾಂಸರಲ್ಲಿ ಅತ್ಯಂತ ಎಚ್ಚರದ ಬರವಣಿಗೆ ಅವರದೇ. ಗಣಿತವನ್ನು ತಾವು ಕೈಗೊಳ್ಳಲಿಲ್ಲವೆಂಬುದೊಂದೇ ಅದರ ಮಿತಿ.

ಶಾಮಶಾಸ್ತ್ರಿಗಳು ‘ವಿಭವ’ವನ್ನು ಸಂವತ್ಸರದ ಹೆಸರೆಂದೇ ತೆಗೆದುಕೊಂಡರು. ಹಾಗೆ ತೆಗೆದುಕೊಂಡವರಿಗೆ ದಾಕ್ಷಿಣಾತ್ಯ ಗಣನೆಯಲ್ಲಿ ದೊರೆಯುವ ವಿಭವಗಳು ೯೬೮–೬೯ ಮತ್ತು ೧೦೨೮–೨೯ ಮಾತ್ರ. ಉತ್ತರದೇಶದ ಬಾರ್ಹಸ್ಪತ್ಯ ಮಾನವನ್ನು ಮೊರೆಹೊಕ್ಕರೂ ಪ್ರಯೋಜನವಿಲ್ಲ. ಹತ್ತನೆಯ ಶತಮಾನದ ಕೊನೆಗೆ ಎರಡೂ ಮಾನಗಳ ಅಂತರ ಹೆಚ್ಚೆಂದರೆ ಒಂದೆರಡು ವರ್ಷದ್ದು. ೯೮೧–೮೨ ವೃಷ ಸಂವತ್ಸರ. ಅಲ್ಲಿಂದ ವಿಭವಕ್ಕೆ ಹದಿಮೂರು ವರ್ಷಗಳ ದೂರ. ಈ ಸೀಮೆಯಲ್ಲಿ ದಾಕ್ಷಿಣಾತ್ಯ ಗಣನೆಯೇ ರೂಢಿಯಲ್ಲಿತ್ತೆಂಬುದನ್ನು ಸುತ್ತಲಿನ ಶಾಸನಗಳಿಂದ ತಾಳೆ ನೋಡಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಸನಗಳನ್ನು ರೈಸ್ ಅವರು ೧೯೦೨ರ ಸಂಪುಟದಲ್ಲಿ ಒಂದೆಡೆ ಕೂಡಿಸಿದ್ದು ಈ ಕೆಲಸವನ್ನು ಸುಲಭಗೊಳಿಸಿದೆ. ಅದರಲ್ಲಿ ಅರಕಲಗೂಡು ತಾಲ್ಲೂಕಿನ ಸೋಮವಾರದ ೧೦೭೯ರ ಕೊಂಗಾಳ್ವ ಶಾಸನವು ಅದಟರಾದಿತ್ಯ ಚೈತ್ಯಾಲಯದ ವಿಚಾರವನ್ನು ತಿಳಿಸುತ್ತದೆ. ಹಾಸನ ತಾಲ್ಲೂಕಿನ ಮರ್ಕುಲಿಯಲ್ಲಿ ಬೂಚಿಮಯ್ಯನು ತ್ರಿಕೂಟ ಜಿನಾಲಯವನ್ನು ಮಾಡಿಸಿದ್ದು ಶಕ ೧೦೯೫ ವಿಜಯ ಸಂವತ್ಸರದಲ್ಲಿ, ವೀರಬಲ್ಲಾಳನ ಪಟ್ಟಾಭಿಷೇಕ ಸಂದರ್ಭದಲ್ಲಿ. ಆ ಪಟ್ಟಾಭಿಷೇಕವು ೧೧೭೩ ಜುಲೈ ೨೨ಕ್ಕೆ ಸರಿಹೊಂದುತ್ತದೆ, ಅಂದು ಭಾನುವಾರ. ಉತ್ತರಮಾನವು ಬಳಕೆಯಲ್ಲಿದ್ದಿದ್ದರೆ ಆ ವರ್ಷಕ್ಕೆ ವಿಜಯವೆಂಬ ಹೆಸರು ಬರುತ್ತಿರಲಿಲ್ಲ.

ಹೀಗಾಗಿ ‘ವಿಭವ’ವು ಸಂವತ್ಸರನಾಮವಾದರೆ ೧೦೨೮ ಒಂದೇ ಗತಿ, ೧೦೨೮ನ್ನು ರನ್ನನು ಒಪ್ಪುವುದಿಲ್ಲ. ಗಣಿತವೂ ಒಪ್ಪುವುದಿಲ್ಲವೆಂಬುದು ಗಮನಾರ್ಹ. ೧೦೨೮ ಮಾರ್ಚ್ ೩ ಭಾನುವಾರವೇನೋ ಹೌದು. ಆದರೆ ಸೂರ್ಯೋದಯಕ್ಕೆ ಇನ್ನೂ ಚತುರ್ಥಿ, ಪಂಚಮಿ ಬಂದುದು ಸಂಜೆಗೆ. ಚಂದ್ರನು ಬೆಳಗಿಗೆ ಭರಣಿಯಲ್ಲಿದ್ದು ಮರುದಿನದ ನಸುಕಿಗೆ ಕೃತ್ತಿಕೆಯನ್ನು ಸೇರಿದ್ದನಷ್ಟೆ. ಪದ್ಯದ ನಕ್ಷತ್ರ ಯಾವುದೆಂಬ ವಿಚಾರವನ್ನು ಇಲ್ಲಿ ಎತ್ತಿಕೊಳ್ಳುವುದು ಯುಕ್ತ.

‘ಮಸ್ತ’ವೆಂಬ ಹೆಸರಿನ ನಕ್ಷತ್ರವಿಲ್ಲ. ಮಸ್ತವೆಂದರೆ ಶಿರಸ್ಸು, ಆದ್ದರಿಂದ ಮೃಗಶಿರೆಯೆಂದು ಪಂಡಿತರು ಅರ್ಥ ಮಾಡಿದರು. ಛಂದಸ್ಸಿನ ಅನುಕೂಲಕ್ಕಾಗಿ ಪರ್ಯಾಯಪದವನ್ನು ಇಡುವುದು ಕಾಲಸೂಚಕ ಪದ್ಯಗಳಲ್ಲಿ ಸಾಮಾನ್ಯ. ಆದರೆ ಓಲೆಯ ಪ್ರತಿಗಳನ್ನು ಓದಿ ಪಳಗಿದವರಿಗೆ ಬೇರೊಂದು ಸಂದೇಹ ಸಹಜವಾಗಿಯೇ ಬರುತ್ತದೆ: ಮೂಲಪಾಠವು ‘ಹಸ್ತ’ವಿದ್ದು, ಲಿಪಿಕಾರನ ಕೈಯಲ್ಲಿ ಮೊದಲಕ್ಷರ ಕೆಟ್ಟಿರಬಾರದೇಕೆ? ಹಸ್ತವು ಪ್ರಸಿದ್ಧ ನಕ್ಷತ್ರ. ಭಾನುವಾರದೊಡನೆ ಅದರ ಯೋಗವನ್ನು ಮುಹೂರ್ತಶಾಸ್ತ್ರವು ಕೊಂಡಾಡುತ್ತದೆ. ಪಾಠಶೋಧನೆಯ ನಿಯಮಗಳೊಂದರಿಂದಲೇ ಈ ಸಂದೇಹ ಪರಿಹಾರವಾಗುವುದಿಲ್ಲ. ಗಣಿತಜ್ಞನು ಅದನ್ನು ಒಂದೇ ಮಾತಿನಲ್ಲಿ ಪರಿಹರಿಸುತ್ತಾನೆ. ಶುಕ್ಲ ಪಂಚಮಿಯೆಂದರೆ ಚಂದ್ರನು ಸೂರ್ಯನಿಗಿಂತ ೪೮ರಿಂದ ೬೦ ಭಾಗಗಳಷ್ಟು ಮುಂದಿರುವ ಕಾಲ. ಚಂದ್ರನು ಹಸ್ತದಲ್ಲಿದ್ದರೆ ಆಗ ಸೂರ್ಯನು ಕರ್ಕಾಟಕದ ಆಸುಪಾಸಿನಲ್ಲಿರಬೇಕು, ಅದು ಚೈತ್ರವಲ್ಲ. ಮೃಗಶಿರೆಯಲ್ಲಿದ್ದರೆ ಸೂರ್ಯನು ಮೀನದ ಸುಮಾರು ೨೩ನೆಯ ಭಾಗದಿಂದ ಮೇಷದ ಸುಮಾರು ೧೯ನೆಯ ಭಾಗದೊಳಗೆ ಇರುತ್ತಾನೆ. ಅದು ಚೈತ್ರಕ್ಕೆ ಒಪ್ಪುತ್ತದೆ. ಹಾಗಾಗಿ ‘ಮಸ್ತ’ವೇ ಶುದ್ಧ ಪಾಠ, ಮೃಗಶಿರೆಯೇ ಅದರ ಅರ್ಥ. ಪಾಠಶೋಧಕನಿಗೆ ನೂರು ಪ್ರತಿಗಳು ದೊರೆತರೂ ಇಷ್ಟು ನಿಶ್ಚಯವಾದ ತೀರ್ಪು ಸಿಗುತ್ತಿರಲಿಲ್ಲ.

ಇದೇ ನ್ಯಾಯವು ತಿರುಗಿ ಗಣಿತಜ್ಞನಿಗೂ ಅನ್ವಯಿಸುತ್ತದೆ. ‘ವಿಭವ’ಕ್ಕೆ ಪದ್ಯದಲ್ಲಿ ‘ವಿನುತ’ವೆಂಬ ವಿಶೇಷಣ ಸೇರಿದೆ. ಸಂವತ್ಸರದ ಹೆಸರಿಗೆ ‘ಸ್ತುತ್ಯವಾದ’ ಎಂಬ ವಿಶೇಷಣವು ಅಸಂಭವವಲ್ಲ. ಆದರೆ ‘ವಿನುತವಾದ ವೈಭವವುಳ್ಳ ಸಂವತ್ಸರ’ವೆಂದು ಬಹುವ್ರೀಹಿಯಾಗಿ ಬಿಡಿಸುವುದಕ್ಕೂ ವ್ಯಾಕರಣದ ಅಡ್ಡಿಯಿಲ್ಲ. ಸಂವತ್ಸರನಾಮವೆಂಬ ಅರ್ಥವು ಇತಿಹಾಸದಿಂದ ಬಾಧಿತವಾದ ಮೇಲೆ ಈ ಎರಡನೆಯ ಅನ್ವಯವೇ ಉಳಿಯುತ್ತದೆ. ೯೮೧ನ್ನು ಹಿಡಿದವರು ಈ ಅನ್ವಯವನ್ನು ಅಂಗೀಕರಿಸದೆ ಒಂದು ಹೆಜ್ಜೆಯನ್ನೂ ಇಡಲಾರರು. ಆದರೂ ಜನಪ್ರಿಯ ಪುಸ್ತಕಗಳಲ್ಲಿ ೯೮೧ ಮಾರ್ಚ್ ೧೩ ಎಂದು ಬರೆದು ಅದರ ಪಕ್ಕದಲ್ಲಿಯೇ ‘ವಿಭವ ಸಂವತ್ಸರ’ವೆಂದು ಅಚ್ಚು ಹಾಕುವ ರೂಢಿ ಹೇಗೆ ನಿಂತಿತೋ ತಿಳಿಯದು. ಎರಡರಲ್ಲಿ ಒಂದನ್ನು ಬಿಡಬೇಕು.

ಕಲ್ಕ್ಯಬ್ದದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರದ ಗಣನೆಯಂತೆ ವೀರನಿರ್ವಾಣಕ್ಕೆ ೬೦೫ ವರ್ಷ ೫ ತಿಂಗಳಾದ ಮೇಲೆ ಶಕರಾಜ, ಅಲ್ಲಿಂದ ೩೯೪ ವರ್ಷ ೭ ತಿಂಗಳಾದ ಮೇಲೆ ಕಲ್ಕಿ. ಇದು ಕ್ರಿ.ಶ. ೪೭೨ರ ಸುಮಾರಿಗೆ ಬೀಳುತ್ತದೆ. ಆರುನೂರನೆಯ ವರ್ಷವೆಂದರೆ ೧೦೭೨ರ ಸುಮಾರು. ಇದು ಯಾವ ಪಕ್ಷಕ್ಕೂ ಒದಗದು. ಘೋಷಾಲರು ‘ಷಟ್‌ಶತ’ಕ್ಕೆ ಆರನೆಯ ಶತಕವೆಂದು ಅರ್ಥ ಮಾಡಿದುದು ಬುದ್ಧಿವಂತಿಕೆಯ ಪರಿಹಾರ, ಆಗ ೯೭೨ರಿಂದ ೧೦೭೨ರವರೆಗಿನ ನೂರು ವರ್ಷಗಳೆಲ್ಲ ಒಳಗೆ ಬರುತ್ತವೆ. ನೂರು ವರ್ಷಗಳನ್ನು ಒಳಗೊಳ್ಳುವ ಅಂಗದಿಂದ ದಿನವನ್ನು ಗೊತ್ತುಮಾಡಲಾಗದು. ಅವರ ಹೆಸರಿನಲ್ಲಿ ಬಂದಿರುವ ೯೮೦ ಏಪ್ರಿಲ್ ೨ ಶುಕ್ರವಾರ. ತಿಥಿಯು ಹುಣ್ಣಿಮೆಯ ಸಮೀಪದ್ದು. ಆ ವರ್ಷದ ಚೈತ್ರ ಶುಕ್ಲ ಪಂಚಮಿಯು ಮಾರ್ಚ್ ತಿಂಗಳ ನಾಲ್ಕನೆಯ ವಾರದಲ್ಲಿ ಬಿದ್ದು, ಅದೂ ಭಾನುವಾರವಾಗಿರಲಿಲ್ಲ. ಕಲ್ಕಿಯ ವಿಷಯದಲ್ಲಿ ಅಷ್ಟು ಸೂಕ್ಷ್ಮವಾಗಿ ವಿಚಾರ ಮಾಡಿದ ವಿದ್ವಾಂಸರ ಪಕ್ಕದಲ್ಲಿ ಪಂಚಾಂಗಗಣಿತವನ್ನು ಬಲ್ಲವನೊಬ್ಬನು ಕುಳಿತಿದ್ದರೆ ಈ ದಿನವು ಅಚ್ಚಿನ ಮುಖವನ್ನೇ ಕಾಣುತ್ತಿರಲಿಲ್ಲ.

ಇನ್ನುಳಿದುದು ೯೮೧ ಮಾರ್ಚ್ ೧೩. ಸೂಕ್ಷ್ಮಗಣಿತದಿಂದ ಎಣಿಸಿದರೆ ಅಂದು ಭಾನುವಾರ. ಸೂರ್ಯೋದಯಕ್ಕೆ ಚೈತ್ರ ಶುಕ್ಲ ಪಂಚಮಿ. ಚಂದ್ರನು ಬೆಳಗಿಗೆ ರೋಹಿಣಿಯಲ್ಲಿದ್ದನು. ಪಂಚಮಿಯು ಸುಮಾರು ಹತ್ತೊಂಬತ್ತು ಇಪ್ಪತ್ತು ಘಳಿಗೆಗೆ, ಅಪರಾಹ್ನದಲ್ಲಿ, ತೀರಿತು. ಚಂದ್ರನು ಮೃಗಶಿರೆಯನ್ನು ಪ್ರವೇಶಿಸಿದ್ದು ಸಂಜೆಯಲ್ಲಿ ಇಲ್ಲವೆ ರಾತ್ರಿಯಲ್ಲಿ. ಸೌಭಾಗ್ಯ ಯೋಗವೂ ಹಗಲಿನ ನಡುವೆ ಇಲ್ಲವೆ ಸಂಜೆಗೆ ಬಂದಿತು. ಪಂಚಮಿ ಮತ್ತು ಮೃಗಶಿರೆ ಅಂದು ಏಕಕಾಲದಲ್ಲಿ ಇರಲಿಲ್ಲವೆಂಬುದನ್ನು ಈ ಪಕ್ಷದವರು ಮರೆಮಾಡಬಾರದು. ಎದುರುಪಕ್ಷದವರು ಇದರಿಂದಲೇ ದಿನವನ್ನು ತಳ್ಳಿಹಾಕಲೂ ಬಾರದು. ಶಾಸನಗಳಲ್ಲಿ ಉದಯತಿಥಿಯನ್ನು ಹೇಳಿ, ಆ ದಿನದೊಳಗೆ ಬಂದ ನಕ್ಷತ್ರವನ್ನು ಜೊತೆಗೂಡಿಸುವುದುಂಟು.

ಇಲ್ಲಿಯೇ ಕುಂಭ ಲಗ್ನದ ಪ್ರಶ್ನೆ ಬರುತ್ತದೆ. ಚರ್ಚೆಯಲ್ಲಿ ಅತ್ಯಂತ ಕಡಿಮೆ ಗಮನ ಪಡೆದ ಅಂಗವಿದು. ಸೂರ್ಯನು ಮೀನದ ೨೦ನೆಯ ಭಾಗದ ಸುಮಾರಿಗೆ ಇರುವಾಗ ಕುಂಭ ಲಗ್ನವು ಸೂರ್ಯೋದಯಕ್ಕೆ ಸುಮಾರು ಮೂರು ಘಳಿಗೆ ಮುನ್ನವೇ ಮುಗಿದುಹೋಗುತ್ತದೆ. ವಾರವನ್ನು ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಣಿಸುವ ಸಂಪ್ರದಾಯದಂತೆ ಭಾನುವಾರದ ಕುಂಭ ಲಗ್ನವು ರಾತ್ರಿ ಕಳೆದು ಬರುವ ನಸುಕಿನದು. ಆ ಹೊತ್ತಿಗೆ ಭಾನುವಾರ, ಮೃಗಶಿರೆ, ಸೌಭಾಗ್ಯ, ಕುಂಭ ಈ ನಾಲ್ಕೂ ಕೂಡುತ್ತವೆ. ತಿಥಿಯೊಂದು ಮಾತ್ರ ಷಷ್ಠಿಗೆ ದಾಟಿರುತ್ತದೆ. ಇದು ಆಕಸ್ಮಿಕವೆನ್ನಲಾಗದ ಹೊಂದಿಕೆ, ೯೮೧ರ ಪಕ್ಷಕ್ಕೆ ಇರುವ ನಿಜವಾದ ಬಲ. ಬಿಂಬಕ್ಕೆ ನಯನೋನ್ಮೀಲನಾದಿ ಕ್ರಿಯೆಗಳು ನಡೆಯುವ ಮುಹೂರ್ತಕ್ಕೆ ತಾತ್ಕಾಲಿಕ ತಿಥಿಯೇ ಬೇಕೋ, ಸಂಕಲ್ಪದ ಉದಯತಿಥಿ ಸಾಕೋ ಎಂಬುದನ್ನು ಹೇಳತಕ್ಕವರು ಪ್ರತಿಷ್ಠಾಕಲ್ಪಗಳನ್ನು ಅಭ್ಯಾಸ ಮಾಡಿ, ಪ್ರತಿಷ್ಠೆಗಳನ್ನು ನಡೆಸಿದ ಪ್ರತಿಷ್ಠಾಚಾರ್ಯರು. ಆ ನಸುಕು ಇಂದಿನ ಗಣನೆಯಂತೆ ಮಾರ್ಚ್ ೧೪ರ ಸೋಮವಾರಕ್ಕೆ ಸೇರುತ್ತದೆ. ಪಂಚಾಂಗದ ಭಾನುವಾರವನ್ನು ಕ್ಯಾಲೆಂಡರಿನ ಭಾನುವಾರಕ್ಕೆ ಯಥಾವತ್ತಾಗಿ ಸಮೀಕರಿಸಿದವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಗಣಿತವೊಂದೇ ಸಾಕೆಂಬ ಭ್ರಮೆಯನ್ನು ಬಿಡಿಸಲು ಇನ್ನೊಂದು ದಿನವನ್ನು ಮುಂದಿಡಬಹುದು. ೯೮೮ ಮಾರ್ಚ್ ೨೫ ಕೂಡ ಭಾನುವಾರ, ಚೈತ್ರ ಶುಕ್ಲ ಪಂಚಮಿ. ಅಂದು ಸೂರ್ಯೋದಯದ ಹೊತ್ತಿಗೆ ಚಂದ್ರನು ಮೃಗಶಿರೆಯಲ್ಲಿಯೇ ಇದ್ದನು. ತಿಥಿ, ವಾರ, ನಕ್ಷತ್ರ ಮೂರನ್ನೇ ನೋಡುವವನಿಗೆ ಇದು ೯೮೧ಕ್ಕಿಂತ ಮೇಲಾಗಿ ಕಾಣುತ್ತದೆ. ಪುರಾಣಕ್ಕೆ ಈಚೆಗೆ, ರನ್ನನಿಗೆ ಆಚೆಗೆ, ಎರಡು ಮೇರೆಗಳ ನಡುವೆಯೂ ಇದೆ. ಆದರೆ ಯೋಗವು ಸೌಭಾಗ್ಯವಲ್ಲ, ಶೋಭನ. ಆ ಭಾನುವಾರದ ಕುಂಭ ಲಗ್ನದ ವೇಳೆಗೆ ಚಂದ್ರನು ಆರ್ದ್ರೆಯನ್ನು ಮುಟ್ಟಿರುತ್ತಾನೆ. ರಾಚಮಲ್ಲನ ಆಳ್ವಿಕೆಯೂ ಮುಗಿದಿರುತ್ತದೆ. ಇವುಗಳಲ್ಲಿ ಮೊದಲನೆಯ ಎರಡು ಆಕ್ಷೇಪಗಳು ಜ್ಯೋತಿಷದವು, ಮೂರನೆಯದು ಶಾಸನಾಭ್ಯಾಸದ್ದು. ಮೂರೂ ಕೂಡಿದರೆ ೯೮೮ ಹಿಂದೆ ಸರಿಯುತ್ತದೆ; ಬಿಡಿಬಿಡಿಯಾಗಿ ನೋಡಿದವರಲ್ಲಿ ಒಬ್ಬರು ಅದನ್ನು ಸ್ಥಾಪಿಸಿ, ಇನ್ನೊಬ್ಬರು ಖಂಡಿಸಿ, ಮತ್ತೆ ಐವತ್ತು ವರ್ಷ ವಾದ ಬೆಳೆಯುವುದಕ್ಕೆ ಅವಕಾಶವಿದೆ.

ಕೂಡಿ ಮಾಡಿದ ಕೆಲಸಕ್ಕೆ ಪೂರ್ವೋದಾಹರಣೆಗಳಿಲ್ಲವೆಂದಲ್ಲ. ಗುಪ್ತ ಶಕೆಯ ಆರಂಭದ ಜಟಿಲ ಸಮಸ್ಯೆಯನ್ನು ಫ್ಲೀಟ್ ಅವರು ೧೮೮೮ರ ಸಂಪುಟದಲ್ಲಿ ಬಗೆಹರಿಸಿದಾಗ ಗಣಿತದ ಭಾರವನ್ನು ಹೊತ್ತವರು ಶಂಕರ ಬಾಲಕೃಷ್ಣ ದೀಕ್ಷಿತರು. ಅದೇ ದೀಕ್ಷಿತರು ಸೀವೆಲ್ ಅವರೊಡನೆ ಸೇರಿ ೧೮೯೬ರಲ್ಲಿ ಸಿದ್ಧಪಡಿಸಿದ ಪಂಚಾಂಗ ಗ್ರಂಥವು ಶಾಸನಗಳ ಕಾಲವನ್ನು ಪರೀಕ್ಷಿಸುವವರಿಗೆ ಆಧಾರವಾಗಿದೆ. ಜೈನ ವಾಙ್ಮಯದಲ್ಲಿ ಇದಕ್ಕಿಂತಲೂ ದೊಡ್ಡ ಉದಾಹರಣೆ ಧವಲಾ ಟೀಕೆಯದು. ಮೂಡುಬಿದಿರೆಯ ಹಳಗನ್ನಡ ಲಿಪಿಯ ತಾಡಪತ್ರಗಳಿಂದ ನಕಲಾಗಿ ಹೊರಬಂದ ಪ್ರತಿಗಳನ್ನು ಆಧರಿಸಿ ಪ್ರೊ. ಹೀರಾಲಾಲ ಜೈನರು ೧೯೩೯ರಲ್ಲಿ ಮೊದಲ ಸಂಪುಟವನ್ನು ಹೊರತಂದರು. ಡಾ. ಆ. ನೇ. ಉಪಾಧ್ಯೆಯವರು ಪ್ರಾಕೃತದಲ್ಲಿಯೂ ಸಿದ್ಧಾಂತಶಾಸ್ತ್ರಿಗಳಾದ ಪಂಡಿತರು ಆಗಮಾರ್ಥದಲ್ಲಿಯೂ ನೆರವಾದರು. ಮುಂದೆ ಮೂಡುಬಿದಿರೆಯ ಪಂಡಿತ ಲೋಕನಾಥ ಶಾಸ್ತ್ರಿಗಳ ಸಹಕಾರದಿಂದ ಮೂಲ ಓಲೆಗಳ ಪಾಠಗಳೂ ದೊರೆತವು. ಆದರೂ ಅರ್ಧಚ್ಛೇದ, ವರ್ಗಿತಸಂವರ್ಗಿತ ಮೊದಲಾದ ಪ್ರಕ್ರಿಯೆಗಳು ಗಣಿತಜ್ಞರ ವಿವರಣೆಯನ್ನು ಬೇಡಿದವು. ೧೯೪೨ರ ನಾಲ್ಕನೆಯ ಸಂಪುಟಕ್ಕೆ ಲಕ್ನೋ ವಿಶ್ವವಿದ್ಯಾನಿಲಯದ ಗಣಿತಾಧ್ಯಾಪಕ ಅವಧೇಶ ನಾರಾಯಣ ಸಿಂಹರು ಬರೆದ ಲೇಖನದಿಂದ ಅರ್ಧಚ್ಛೇದವು ಎರಡರ ಆಧಾರದ ಲಾಗರಿದಮ್ಮೇ ಎಂಬುದು ಗಣಿತಲೋಕಕ್ಕೂ ತಿಳಿಯಿತು. ಪಂಡಿತರಿಗೆ ಅರ್ಥ ತಿಳಿದಿತ್ತು, ಹೆಸರು ತಿಳಿದಿರಲಿಲ್ಲ. ಗಣಿತಜ್ಞರಿಗೆ ಹೆಸರು ತಿಳಿದಿತ್ತು, ಗ್ರಂಥ ತಿಳಿದಿರಲಿಲ್ಲ. ಸಂಖ್ಯಾಪ್ರಧಾನವಾದ ಸ್ಥಳಗಳಲ್ಲಿ ಲೆಕ್ಕವು ಕೂಡದಿದ್ದರೆ ಲಿಪಿಕಾರನ ಸ್ಖಾಲಿತ್ಯವನ್ನು ಶಂಕಿಸಬಹುದು. ಅಲ್ಲಿ ಗಣಿತವೇ ಪಾಠಶೋಧನೆಯ ಉಪಕರಣ. ‘ಮಸ್ತ’ ಪದದ ವಿಷಯದಲ್ಲಿ ಮೇಲೆ ಕಂಡುದೂ ಇದೇ.

ಗೊಮ್ಮಟ ಪ್ರತಿಷ್ಠೆಯ ಚರ್ಚೆಯಲ್ಲಿ ಇಂತಹ ಕೂಟ ನಡೆಯಲಿಲ್ಲ. ಲೇಖನಗಳು ಪತ್ರಿಕೆಯಿಂದ ಪತ್ರಿಕೆಗೆ ಉತ್ತರ ಕೊಟ್ಟವೇ ವಿನಾ ವಿದ್ವಾಂಸರು ಒಂದು ಓಲೆಯ ಮುಂದೆ ಒಟ್ಟಿಗೆ ಕುಳಿತುಕೊಳ್ಳಲಿಲ್ಲ. ಪ್ರತಿಪಕ್ಷದವರ ಲೆಕ್ಕವನ್ನು ಪೂರ್ತಿಯಾಗಿ ಮುದ್ರಿಸಿ ಅಂಗ ಅಂಗವಾಗಿ ಪರೀಕ್ಷಿಸುವ ಪದ್ಧತಿಯೂ ಬೆಳೆಯಲಿಲ್ಲ. ಫಲಿತಾಂಶವಾದ ದಿನವನ್ನಷ್ಟೇ ಉದ್ಧರಿಸಿ ಒಪ್ಪುವುದೋ ಬಿಡುವುದೋ ನಡೆದಿದೆ.

ಆಗಬೇಕಾದ ಕೆಲಸದಲ್ಲಿ ಮೊದಲನೆಯದು ಆ ಪದ್ಯದ್ದೇ. ಅದು ಯಾವ ಯಾವ ಭಂಡಾರಗಳ ಪ್ರತಿಗಳಲ್ಲಿದೆ, ‘ವಿನುತ’ದ ಸ್ಥಾನದಲ್ಲಿ ಬೇರೆ ಪಾಠವುಂಟೇ, ‘ಷಟ್‌ಶತ’ದ ಮುಂದಿನ ಪದವು ಎಲ್ಲ ಪ್ರತಿಗಳಲ್ಲಿಯೂ ಒಂದೇ ಆಗಿದೆಯೇ ಎಂಬುದನ್ನು ಓಲೆಗಳಿಂದಲೇ ಓದಬೇಕು, ನಾಗರಿಯ ಅಚ್ಚಿನ ಪ್ರತಿಯಿಂದಲ್ಲ. ಎರಡನೆಯದಾಗಿ ೯೭೮ರಿಂದ ೯೯೩ರವರೆಗಿನ ಪ್ರತಿಯೊಂದು ಚೈತ್ರ ಶುಕ್ಲ ಪಂಚಮಿಗೂ ತಿಥಿ, ವಾರ, ನಕ್ಷತ್ರ, ಯೋಗ, ಲಗ್ನಗಳ ಆರಂಭ ಮತ್ತು ಅಂತ್ಯವನ್ನು ಸೂರ್ಯಸಿದ್ಧಾಂತದಿಂದಲೂ ಸೂಕ್ಷ್ಮಗಣಿತದಿಂದಲೂ ಬೇರೆಬೇರೆಯಾಗಿ ಎಣಿಸಿ ಒಂದು ಕೋಷ್ಠಕದಲ್ಲಿ ಇಡಬೇಕು; ಚಾವುಂಡರಾಯನ ಕಾಲದ ಜೋಯಿಸನು ನೋಡಿದ ಪಂಚಾಂಗಕ್ಕೂ ಇಂದಿನ ದೃಗ್ಗಣಿತಕ್ಕೂ ಕೆಲವು ಘಳಿಗೆಗಳ ವ್ಯತ್ಯಾಸ ಬರಬಹುದು, ಪಂಚಮಿ ಷಷ್ಠಿಗಳ ಸಂಧಿಯಲ್ಲಿ ಆ ವ್ಯತ್ಯಾಸವು ಅಲ್ಪವಲ್ಲ. ಮೂರನೆಯದಾಗಿ ಆ ಕೋಷ್ಠಕವನ್ನು ಪ್ರತಿಷ್ಠಾಚಾರ್ಯರ ಮುಂದಿಟ್ಟು, ಭಾನುವಾರ ಕಳೆದ ನಸುಕಿನ ಷಷ್ಠಿಯಲ್ಲಿ ನಡೆದ ಕ್ರಿಯೆಯನ್ನು ಪಂಚಮಿಯದೆಂದು ಬರೆಯುವುದು ಶಾಸ್ತ್ರಸಮ್ಮತವೇ ಎಂದು ಕೇಳಬೇಕು.